ಪ್ರಭಾಕರರಾಯರೂ ನೀರಿನ ಕರಾರೂ

ಭೂಮಂಡಲದಲ್ಲಿ ಯಾರೂ ಕೂಡಿಹಾಕದ ವಸ್ತುವೊಂದನ್ನು ಕೂಡಿಹಾಕಿ, ಹೆಸರು ಉಳಿಸಿಯೇ ನಿವೃತ್ತನಾಗುತ್ತೇನೆ ಎಂದು ಪ್ರಭಾಕರರಾಯರು ಪಣ ತೊಟ್ಟರು. ಭೀಷ್ಮ ಪ್ರತಿಜ್ಞೆ ಮಾಡಿದಾಗ ಆಕಾಶದಿಂದ ಹೂಮಳೆ ಸುರಿಯಿತಂತೆ. ರಾಯರು ಮಾಡಿದಾಗ ನಾಶಿಕದ ಅಂಬಡ್‌ನಲ್ಲಿರುವ ಅವರ ಬ್ಯಾಂಕಿನ ಶಾಖೆಯಲ್ಲಿ ಊಟದ ಬಿಡುವು. ಮೇಲಿನಿಂದ ಸುರಿದದ್ದು ಫ್ಯಾನಿನ ಧೂಳು ಮಾತ್ರ!

ಸಂಜೆ ಮನೆಗೆ ಬಂದವರೇ ಹೆಂಡತಿ ಭಾನುಮತಿಯ ಮುಂದೆ ನಿಂತು ಘೋಷಿಸಿದರು.

"ಮಂದಿ ಅಂಚೆಚೀಟಿ ಕೂಡಸ್ತಾರ, ಹಳೇ ನಾಣ್ಯ ಕೂಡಸ್ತಾರ. ನಾ ಏನ್ ಕೂಡಸ್ತೀನಿ ಗೊತ್ತೇನು ಭಾನೂ? ರಾಕ್ ಹಾಡವ್ರ ಖಾಸಗಿ ಕಾಗದಪತ್ರ! ಸ್ಟ್ಯಾಂಪ್ ಪೇಪರಿನವು! ಸಹಿ ಸಮೇತ!"

"ಅವರ ಕಾಗದ ತಗೊಂಡು ನಾವೇನು ಮಾಡೂದ್ರಿ?" ಎಂದರು ಭಾನುಮತಿ, ಮೆಂತ್ಯದ ಸೊಪ್ಪು ಬಿಡಿಸುತ್ತ.

ರಾಕ್ ಸಂಗೀತಕ್ಕೂ ರಾಯರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಧಾರವಾಡದಿಂದ ಹೊರಟು ಒಂಬತ್ತು ವರ್ಗಾವಣೆ ಕಂಡ ಆ ಕಿವಿಗೆ ಗಿಟಾರೂ ಒಂದೇ, ಗಿರಣಿಯೂ ಒಂದೇ. ಅವರ ಪ್ರಾಣವೆಲ್ಲ ಸಹಿಯಲ್ಲಿತ್ತು. ಶಾಖೆಗಳ ದಸ್ತಾವೇಜು ವಿಭಾಗದಲ್ಲಿ ಕೂತು ಮೂವತ್ತು ವರ್ಷ ಜನರ ಸಹಿಗಳನ್ನು ತಾಳೆ ನೋಡಿದ ಮನುಷ್ಯ. ಇದಕ್ಕೆಲ್ಲ ಕಿಡಿ ಹಚ್ಚಿದವನು ಇಂಜಿನಿಯರಿಂಗ್ ಓದುತ್ತಿದ್ದ ಮಗ ಉತ್ಕರ್ಷ. 'ಭೂಕಂಪ' ಎಂಬ ರಾಕ್ ತಂಡದ ಕಾರ್ಯಕ್ರಮಕ್ಕೆ ಹೋಗಿ, ಹಾಡುಗಾರನ ಸಹಿಯನ್ನು ಕಾಗದದ ಕರವಸ್ತ್ರದ ಮೇಲೆ ಹಾಕಿಸಿಕೊಂಡು ಬಂದಿದ್ದ.

"ಇದು ಸಹಿ ಏನಲೇ? ಗೀಚು!" ಎಂದು ರಾಯರು ಅದನ್ನು ಬೆಳಕಿಗೆ ಹಿಡಿದು ನೋಡಿದ್ದರು. "ನಕ್ಕೋತ ಮಾಡಿದ್ದು ಸಹಿ ಅಲ್ಲ. ಹೆದರಿ ಬೆವತು ಸ್ಟ್ಯಾಂಪ್ ಪೇಪರ್ ಮ್ಯಾಲೆ ಮಾಡ್ತಾನ ನೋಡು, ಅದು ಸಹಿ! ಮನುಷ್ಯಾ ಸುಳ್ಳು ಹೇಳ್ತಾನ, ಸಹಿ ಸುಳ್ಳು ಹೇಳೂದಿಲ್ಲ. ಮನುಷ್ಯಾನ್ನ ನಂಬಬ್ಯಾಡ್ರಿ, ಸಹಿ ನಂಬ್ರಿ!"

ಈ ಮಹಾವಾಕ್ಯವನ್ನು ಭಾನುಮತಿ ಕೇಳಿಸಿಕೊಂಡರು. ಕೇಳಿಸಿಕೊಂಡು ಸುಮ್ಮನಿದ್ದರು. ಹೆಂಗಸರು ಸುಮ್ಮನಿದ್ದಾಗಲೇ ಗಂಡಸರು ಹುಷಾರಾಗಿರಬೇಕು ಎಂಬುದು ರಾಯರಿಗೆ ಇಪ್ಪತ್ತೈದು ವರ್ಷದಲ್ಲೂ ತಿಳಿದಿರಲಿಲ್ಲ.

ಸಂಗ್ರಹ ಶುರುವಾಯಿತು. ಕೋರ್ಟಿನ ಎದುರಿನ ಬೇವಿನ ಮರದ ಕೆಳಗೆ ಅಫಿಡವಿಟ್ ಟೈಪು ಮಾಡುವ ತುಕಾರಾಮ ರಾಯರ ಹಳೆಯ ಪರಿಚಯ. ಸಹಿಯಾದ ಮೇಲೆ ತಪ್ಪು ಸಿಕ್ಕು ಕೆಟ್ಟುಹೋದ ಕಾಗದಗಳು ಅವನ ಪೆಟ್ಟಿಗೆಯ ತಳದಲ್ಲಿ ಬಿದ್ದಿರುತ್ತಿದ್ದವು. ಮೊದಲು ಸಿಕ್ಕಿದ್ದು ಒಬ್ಬ ಡ್ರಮ್ ವಾದಕನ ಮುಚ್ಚಳಿಕೆ: 'ರಾತ್ರಿ ಹತ್ತರ ನಂತರ ನಾನು ತಬಲಾ ಸಹ ಮುಟ್ಟುವುದಿಲ್ಲವೆಂದು ನಮ್ಮ ಹೌಸಿಂಗ್ ಸೊಸೈಟಿಗೆ ಬರೆದುಕೊಡುತ್ತೇನೆ.' ಎರಡನೆಯದು ಒಬ್ಬ ಗಿಟಾರ್ ವಾದಕನ ಅಫಿಡವಿಟ್. ವೇದಿಕೆಯ ಮೇಲೆ 'ಥಂಡರ್' ಎಂದು ಗುಡುಗುವವನೂ ಗ್ಯಾಸ್ ಪುಸ್ತಕದಲ್ಲಿರುವ ಬಂಡೋಪಂತನೂ ಒಬ್ಬನೇ ಮನುಷ್ಯ ಎಂದು ಅದರಲ್ಲಿ ದೇವರ ಮೇಲೆ ಆಣೆಯಿಟ್ಟು ಹೇಳಿತ್ತು. ಮೂರನೆಯದರಲ್ಲಿ ಇನ್ನೊಬ್ಬ ಮಹಾಶಯ, ಲಗ್ನಕ್ಕೆ ಎಂಟು ದಿನ ಮೊದಲು ಕೂದಲು ಕತ್ತರಿಸುವುದಾಗಿ ಭಾವೀ ಅತ್ತೆಗೆ ಇಬ್ಬರು ಸಾಕ್ಷಿಗಳ ಸಮಕ್ಷಮ ಒಪ್ಪಿಕೊಂಡಿದ್ದ. ವೇದಿಕೆಯಲ್ಲಿ ಹುಲಿ, ಸ್ಟ್ಯಾಂಪ್ ಪೇಪರಿನಲ್ಲಿ ಇಲಿ!

ಭಾನುಮತಿಯ ಕಬ್ಬಿಣದ ಕಪಾಟಿನ ಮೇಲಿನ ಹಲಗೆಗೆ ಫೈಲುಗಳು ಬಂದು ಕೂತವು. ಆಮೇಲೆ ಎರಡನೆಯ ಹಲಗೆಗೂ ಇಳಿದವು. ರೇಷ್ಮೆ ಸೀರೆಗಳು ಟ್ರಂಕಿಗೆ ಸ್ಥಳಾಂತರಗೊಂಡವು. ಪ್ರತಿ ಕಾಗದದ ಝೆರಾಕ್ಸ್ ತೆಗೆದು, ತಾವೇ ಮಾಡಿಸಿಟ್ಟುಕೊಂಡಿದ್ದ 'ಟ್ರೂ ಕಾಪಿ' ಎಂಬ ನೇರಳೆ ಶಿಕ್ಕಾ ಹೊಡೆದು, ಕೆಳಗೆ ಸಹಿ ಮಾಡಿದರೇ ರಾಯರಿಗೆ ನೆಮ್ಮದಿ. ಆ ಶಿಕ್ಕಾ ಅಂಗಿಯ ಕಿಸೆಯಲ್ಲೇ ಇರುತ್ತಿತ್ತು. ಹಾಲಿನವನ ಕಾರ್ಡಿನ ಮೇಲೂ ಒಮ್ಮೆ ಹೊಡೆದಿದ್ದರು.

"ಸಾಹೇಬ, ಖರೇ ರತ್ನ ಇಲ್ಲಿಲ್ಲ," ಎಂದ ಒಂದು ದಿನ ತುಕಾರಾಮ. "ಭೂಕಂಪದ ಹಾಡುಗಾರ ಓಂಕಾರ ಇದ್ದಾನಲ್ಲ, ಅವನು ತನ್ನ ಹೆಂಡತಿಗೆ ಕರಾರು ಬರೆದುಕೊಟ್ಟಿದ್ದಾನೆ. ಸಂಭಾಜಿನಗರದಲ್ಲಿ ನನ್ನ ಸೋದರಮಾವನೇ ಟೈಪು ಮಾಡಿದ್ದು."

ಇದು ಎರಡು ಸಾವಿರದ ಹನ್ನೆರಡರ ಮಾತು. ಆಗಿನ್ನೂ ಸರ್ಕಾರಿ ಬೋರ್ಡಿನಲ್ಲಿ ಔರಂಗಾಬಾದ್, ಬಸ್ ಕಂಡಕ್ಟರನ ಬಾಯಲ್ಲಿ ಸಂಭಾಜಿನಗರ. ಮುಂದಿನ ಭಾನುವಾರವೇ ರಾಯರು ಆ ಊರಿನ ಬಸ್ಸು ಹತ್ತಿದರು.

ಬಾಗಿಲು ತೆರೆದವಳು ಓಂಕಾರನ ಹೆಂಡತಿ ನೀಲಾಂಬಿಕಾ. ರಾಯರ ಹರಕುಮುರುಕು ಮರಾಠಿ ಕೇಳಿ ನಕ್ಕಳು. "ಕಾಕಾ, ಕನ್ನಡದಾಗೇ ಮಾತಾಡ್ರಿ. ನಮ್ಮ ತವರು ಬೀದರ ಅದರಿ."

ಒಳಗೆ ಸಾಕ್ಷಾತ್ ಭೂಕಂಪ ಹಗ್ಗದ ಮೇಲೆ ಬಟ್ಟೆ ಒಣಹಾಕುತ್ತಿದ್ದ. ಹೆಗಲವರೆಗೆ ಕೂದಲು, ತೋಳಿನ ಮೇಲೆ ತಲೆಬುರುಡೆಯ ಹಚ್ಚೆ, ಬಾಯಲ್ಲಿ ಮೂರು ಕ್ಲಿಪ್ಪು.

ನೀಲಾಂಬಿಕಾ ದೇವರ ಗೂಡಿನ ಹಿಂದಿನಿಂದ ಕರಾರು ತೆಗೆದು ತೋರಿಸಿದಳು. ರಾಯರು ಅದನ್ನು ಬೆಳಕಿಗೆ ಹಿಡಿದರು. ಈ ದಂಪತಿಯ ಕಾಲನಿಗೆ ಮೂರು ದಿನಕ್ಕೊಮ್ಮೆ ನಲ್ಲಿಯಲ್ಲಿ ನೀರು. ಲಗ್ನದ ಹೊಸದರಲ್ಲಿ ನೀರು ಬರುವ ದಿನವೇ ಓಂಕಾರ ಪುಣೆಯಲ್ಲಿ ಹಾಡಲು ಹೋಗಿ, ಮನೆಯಲ್ಲಿ ಮೂರು ದಿನ ಬಾಯಿ ತೊಳೆಯಲೂ ನೀರಿರಲಿಲ್ಲವಂತೆ. ಹುಡುಗಿಯ ಅಪ್ಪ ಬೀದರದಿಂದ ಬಂದವರು ಅಳಿಯನನ್ನು ನೇರವಾಗಿ ನೋಟರಿಯ ಮುಂದೆ ಕೂಡಿಸಿದ್ದರು. 'ನೀರು ಬರುವ ದಿನ ನಾನೇ ಎದ್ದು, ಮೋಟರು ಹಚ್ಚಿ, ಕೆಳಗಿನ ತೊಟ್ಟಿ, ಮೇಲಿನ ಟಾಕಿ ತುಂಬಿಸಿದ ನಂತರವೇ ಊರು ಬಿಡತಕ್ಕದ್ದು.' ಕೆಳಗೆ ಸಹಿ! ಹೆದರಿ ಬೆವತು ಮಾಡಿದ ಸಹಿ! ಕೊನೆಯ ಅಕ್ಷರದಲ್ಲಿ ಕೈ ನಡುಗಿದ್ದೂ ಕಾಣುತ್ತಿತ್ತು.

"ಇದನ್ನ ನನಗ ಕೊಡವಾ!" ಎಂದರು ರಾಯರು, ಕಾಗದ ಕೈಬಿಡದೆ.

"ಹ್ಯಾಂಗ ಕೊಡ್ಲಿ ಕಾಕಾ? ಇದರ ದಮ್ಮಿನ ಮ್ಯಾಲೆ ನಮ್ಮ ಮನ್ಯಾಗ ನೀರು ಅವರಿ." ನೀಲಾಂಬಿಕಾ ಸ್ವಲ್ಪ ಯೋಚಿಸಿದಳು. "ಆದ್ರ ಇದರದು ಐದು ವರ್ಷದ ಮುದ್ದತು ಅದ. ಬರೂ ತಿಂಗಳು ಮುಗೀತದ. ನೀವು ಬ್ಯಾಂಕಿನವರು. ಇದಕ್ಕಿಂತ ಗಟ್ಟಿ ಇನ್ನೊಂದು ಬರಕೊಡ್ರಿ, ಹಳೇದು ಒಯ್ರಿ."

ಗಟ್ಟಿ ಕಾಗದ ಬರೆಯಿರಿ ಎಂದು ರಾಯರಿಗೆ ಹೇಳುವುದೂ ಒಂದೇ, ಕುಣಿಯುವವಳಿಗೆ ಗೆಜ್ಜೆ ಕೊಡುವುದೂ ಒಂದೇ. ಸ್ಟ್ಯಾಂಪ್ ಪೇಪರು ತರಿಸಿ ಕೂತರು. ಹಳೆಯದರಲ್ಲಿದ್ದದ್ದು ನಾಲ್ಕು ಸಾಲು. ರಾಯರು ಬರೆದದ್ದು ಹದಿನಾಲ್ಕು ಕಲಮು! ತೊಟ್ಟಿ, ಟಾಕಿ, ಎರಡು ಪೀಪಾಯಿ, ಅಡಿಗೆಮನೆಯ ಕೊಡಗಳು, ಬಚ್ಚಲಿನ ಬಕೇಟು, ಮಾಳಿಗೆಯ ಮೇಲಿನ ತುಳಸಿಕಟ್ಟೆ, 'ಹಾಗೂ ಕಾಲಕಾಲಕ್ಕೆ ಎರಡನೇ ಪಕ್ಷದವರು ಸೂಚಿಸುವ ಇತರೆ ಪಾತ್ರೆಗಳು.' ನೀಲಾಂಬಿಕಾಳ ಮುಖ ಅರಳಿತು.

ಓಂಕಾರ ಕ್ಲಿಪ್ಪು ತೆಗೆದು ಮೆಲ್ಲಗೆ ಕೇಳಿದ. "ಕಾಕಾ, ಮೀ ಟೂರ್‌ವರ್ ಗೇಲೋ, ತರ್ ಪಾಣೀ ಕೋಣ ಭರಣಾರ್?"

ಟೂರಿಗೆ ಹೋದರೆ ನೀರು ಯಾರು ತುಂಬಬೇಕು? ನ್ಯಾಯವಾದ ಪ್ರಶ್ನೆ! ರಾಯರು ಪೆನ್ನು ಝಾಡಿಸಿ ಹದಿನೈದನೆಯ ಕಲಮು ಬರೆದರು: 'ಮೊದಲ ಪಕ್ಷದವರು ಗೈರುಹಾಜರಾದಲ್ಲಿ ಸದರಿ ಎಲ್ಲ ಕೆಲಸವನ್ನು ಜಾಮೀನುದಾರರು ಖುದ್ದಾಗಿ ಮಾಡತಕ್ಕದ್ದು. ತಪ್ಪಿದಲ್ಲಿ, ಈ ದಿನ ಜಾಮೀನುದಾರರ ವಶಕ್ಕೆ ಕೊಟ್ಟ ಹಳೆಯ ಮೂಲ ಕರಾರನ್ನು ವಾಪಸು ಪಡೆಯುವ ಹಕ್ಕು ಎರಡನೇ ಪಕ್ಷದವರಿಗೆ ಇರುತ್ತದೆ.'

ಗಂಡ ಹೆಂಡತಿ ಸಹಿ ಮಾಡಿದರು. ಕೆಳಗೆ 'ಜಾಮೀನುದಾರರ ಸಹಿ' ಎಂಬ ಜಾಗ ಖಾಲಿ ಉಳಿಯಿತು.

ಖಾಲಿ ಸಹಿಯ ಜಾಗ ಕಂಡರೆ ರಾಯರಿಗೆ ಅಂಗೈ ಕಡಿತ. ಬ್ಯಾಂಕಿನಲ್ಲಿ ಅಂಥದೊಂದು ಜಾಗ ಉಳಿದರೆ ಆಡಿಟಿನವರು ವರ್ಷಗಟ್ಟಲೆ ಕಾಡುತ್ತಾರೆ. 'ಸ್ವಂತ ಅಣ್ಣನಿಗೂ ಜಾಮೀನು ಬೀಳಬ್ಯಾಡ್ರಿ' ಎಂದು ಕೌಂಟರಿನಲ್ಲಿ ಮೂವತ್ತು ವರ್ಷ ಊರಿಗೆಲ್ಲ ಬುದ್ಧಿ ಹೇಳಿದ ಮನುಷ್ಯ, ಕಾಗದ ಅಪೂರ್ಣ ಉಳಿಯಬಾರದೆಂಬ ಒಂದೇ ಕಾರಣಕ್ಕೆ, ಸರ್ರನೆ ಸಹಿ ಎಳೆದುಬಿಟ್ಟರು. ಪ್ರತಿ ಪುಟಕ್ಕೂ! ಆಮೇಲೆ ಮೂಲೆಯ ಅಂಗಡಿಯಲ್ಲಿ ಅದರ ಝೆರಾಕ್ಸ್ ತೆಗೆಸಿ, ನೇರಳೆ ಶಿಕ್ಕಾ ಹೊಡೆದು, ಹಳೆಯ ಕರಾರನ್ನು ಎದೆಗವಚಿಕೊಂಡು ನಾಶಿಕಕ್ಕೆ ಬಂದರು. ಊರು ಗೆದ್ದು ಬಂದ ದಂಡನಾಯಕನೂ ಅಷ್ಟು ಬೀಗಿರಲಾರ.

ಎರಡು ತಿಂಗಳ ಮೇಲೆ ಫೋನು ಬಂತು.

"ಕಾಕಾ, ನಾ ನೀಲಾಂಬಿಕಾ. ಇವರು ಗುವಾಹಾಟಿಗೆ ಹೋಗ್ಯಾರ್ರಿ, ಹದಿನೈದು ದಿನದ ಟೂರು. ಐತವಾರ ಮುಂಜಾನೆ ಐದೂವರಿಗೆ ನೀರು ಬರ್ತಾವ. ನೀವು ಬರ್ತೀರಲ್ರಿ?"

"ನಾ ಯಾಕ ಬರ್ಲೆವಾ?"

"ಹದಿನೈದನೇ ಕಲಮು ಕಾಕಾ."

ರಾಯರು ಕಪಾಟಿನಿಂದ ಝೆರಾಕ್ಸ್ ತೆಗೆದು ಓದಿದರು. ಮತ್ತೊಮ್ಮೆ ಓದಿದರು. ಎಲ್ಲಾದರೂ ಸಂದು ಸಿಕ್ಕೀತೇ ಎಂದು ಹುಡುಕಿದರು. ಬರೆದವನು ಅಂಥ ಹುಂಬನಲ್ಲ. ಒಂದು ಇರುವೆ ಹೊರಬೀಳುವಷ್ಟೂ ಸಂದಿರಲಿಲ್ಲ!

ಇಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಆ ಭಾನುವಾರವೇ ರಾಯರ ಲಗ್ನವಾಗಿ ಇಪ್ಪತ್ತೈದು ವರ್ಷ. ಮನೆಯಲ್ಲಿ ಸತ್ಯನಾರಾಯಣ ಪೂಜೆ. ವಿಜಾಪುರದಿಂದ ರಾಯರ ಅಕ್ಕ ಸುಶೀಲಾಬಾಯಿ ಬರುವವರಿದ್ದರು, ಜೊತೆಗೆ ಹೊಸದಾಗಿ ಲಗ್ನವಾದ ಅವರ ಮಗ, ಸೊಸೆ. ಇಪ್ಪತ್ತೈದು ವರ್ಷದಲ್ಲಿ ಭಾನುಮತಿ ಕೇಳಿದ್ದು ಇದೊಂದೇ. ದೀಪಾವಳಿ ಬಂದರೆ ಇನ್ಸ್‌ಪೆಕ್ಷನ್, ಯುಗಾದಿ ಬಂದರೆ ವರ್ಷಾಂತ್ಯದ ಕೆಲಸ, ಗೌರಿ ಬಂದರೆ ವರ್ಗಾವಣೆ ಎಂದು ರಾಯರು ಒಂದು ಪೂಜೆಗೂ ಪೂರ್ತಿ ಕೂತವರಲ್ಲ.

"ಒಂದ ಪೂಜಾ," ಎಂದಿದ್ದರು ಭಾನುಮತಿ. "ಸುರುದಿಂದ ಮಂಗಳಾರತಿ ತನಕ ನನ್ನ ಬಾಜೂಕ ಮಣಿ ಮ್ಯಾಲೆ ಕೂಡ್ರಿ. ಸೀರಿ ಬ್ಯಾಡ, ಬಂಗಾರ ಬ್ಯಾಡ."

ಈಗ ಅದೇ ಭಾನುಮತಿಯ ಮುಂದೆ ಬೆಕ್ಕಿನ ಹಾಗೆ ಸುಳಿದಾಡಿ ರಾಯರು ವಿಷಯ ಹೇಳಿದರು.

"ಅಂದ್ರ ಯಾರದೋ ಮನೀ ನೀರು ತುಂಬಾಕ ಹೊಂಟೀರಿ? ಇಪ್ಪತ್ತೈದು ವರ್ಷದಾಗ ನಮ್ಮ ಮನೀದು ಒಂದು ತಂಬಿಗಿ ತುಂಬಿದ್ದು ನಾ ಕಂಡಿಲ್ಲ."

"ಸಹಿ ಆಗ್ಯದ ಭಾನೂ! ಹೋಗಲಿಲ್ಲಂದ್ರ ಮೂಲ ಕರಾರು ವಾಪಸ್ ಕೊಡಬೇಕಾಗ್ತದ. ನನ್ನ ಸಂಗ್ರಹದ ಕಿರೀಟ ಅದು!"

"ಮತ್ತ ಪೂಜಾ?"

ರಾಯರು ಎದೆ ಉಬ್ಬಿಸಿದರು. "ನಾ ಬ್ಯಾಂಕ್ ಮನುಷ್ಯಾ! ಐದೂವರಿಗೆ ನೀರು. ಏಳಕ್ಕ ಬಸ್. ಹನ್ನೊಂದಕ್ಕ ಮನೀ. ಹನ್ನೊಂದೂವರಿಗೆ ಮಡಿ ಉಟ್ಟು ಮಣಿ ಮ್ಯಾಲೆ! ಬೇಕಾದ್ರ ಬರದು ಸಹಿ ಮಾಡಿ ಕೊಡ್ಲಿ?"

"ಬ್ಯಾಡ್ರಿ," ಎಂದರು ಭಾನುಮತಿ. "ನಿಮ್ಮ ಸಹಿ ಒಂದು ಮನ್ಯಾಗ ಅದ. ಸಾಕು."

ಶನಿವಾರ ರಾತ್ರಿಯ ಬಸ್ಸಿಗೆ ಹೊರಟು, ಭಾನುವಾರ ಐದಕ್ಕೇ ರಾಯರು ಪ್ಯಾಂಟು ಮಡಚಿ ನೀಲಾಂಬಿಕಾಳ ನಲ್ಲಿಯ ಮುಂದೆ ನಿಂತರು. ಐದೂವರೆಯಾಯಿತು. ನಲ್ಲಿ ಮೌನ. ಆರೂವರೆಗೆ ಅದು ಒಮ್ಮೆ ಸೀನಿತು, ಅಷ್ಟೇ. ಏಳಕ್ಕೆ ನೀಲಾಂಬಿಕಾ ಚಹಾ ಕೊಟ್ಟಳು, ಎಂಟಕ್ಕೆ ಅವಲಕ್ಕಿ ಕೊಟ್ಟಳು. ಎಲ್ಲೋ ಪೈಪು ಒಡೆದಿದೆಯಂತೆ ಎಂದು ಎದುರುಮನೆಯವರು ಸುದ್ದಿ ತಂದರು. ರಾಯರ ಕಿಸೆಯಲ್ಲಿ ಏಳರ ಬಸ್ಸಿನ ಟಿಕೇಟು ಇದ್ದಲ್ಲೇ ಬೆವರಿತು. ಬಾಯಿ ಬಿಟ್ಟು ಹೇಳಲು ಬಿಗುಮಾನ. ನೆವ ಹೇಳಿ ನುಣುಚಿಕೊಳ್ಳುವ ಜಾಮೀನುದಾರರನ್ನು ಮೂವತ್ತು ವರ್ಷ ಹೀಯಾಳಿಸಿದ ಮನುಷ್ಯ ಈಗ ತಾನೇ ನೆವ ಹೇಳುವುದೇ?

ಒಂಬತ್ತೂ ಮುಕ್ಕಾಲಿಗೆ ನೀರು ಬಂತು. ರಾಯರು ಮೋಟರು ಹಚ್ಚಿದ್ದೇ ತಡ, ಪೈಪು ಕಿತ್ತುಕೊಂಡು ಹಾವಿನಂತೆ ಎದ್ದು ಅವರಿಗೆ ಆಪಾದಮಸ್ತಕ ಅಭಿಷೇಕ ಮಾಡಿತು! ಪೂಜೆಯ ಮೊದಲ ಸ್ನಾನ ಅಲ್ಲೇ ಮುಗಿಯಿತು. ತೊಟ್ಟಿ ತುಂಬಿತು, ಟಾಕಿ ತುಂಬಿತು.

"ಆತೇನವಾ?"

ನೀಲಾಂಬಿಕಾ ಕರಾರು ಹಿಡಿದು ನಿಂತಿದ್ದಳು. "ಪೀಪಾಯಿ ಎರಡು, ಕಲಮು ಐದು. ಕೊಡ, ಕಲಮು ಆರು. ಮಾಳಿಗಿ ತುಳಸಿ, ಕಲಮು ಎಂಟು. ಭಾಳ ಛಲೋ ಬರದೀರಿ ಕಾಕಾ, ಏನೂ ಬಿಟ್ಟಿಲ್ಲ!"

ರಾಯರು ಕೊಡ ಹೊತ್ತು ಮೂರು ಸಲ ಮಾಳಿಗೆ ಹತ್ತಿದರು. 'ಇತರೆ ಪಾತ್ರೆಗಳು' ಎಂದು ಬರೆದ ಕೈಯನ್ನು ಕಡಿದುಕೊಳ್ಳಬೇಕೆನಿಸಿತು, ಯಾಕೆಂದರೆ ಅವಳ ಮನೆಯಲ್ಲಿ ಇತರೆ ಪಾತ್ರೆಗಳು ಬಹಳ ಇದ್ದವು. ಎಲ್ಲ ಮುಗಿಯುವಷ್ಟರಲ್ಲಿ ಹನ್ನೊಂದೂ ಕಾಲು. ಫೋನು ಹೊಡೆದುಕೊಂಡಿತು. ಉತ್ಕರ್ಷ.

"ಅಪ್ಪಾ, ಕುಠೇ ಆಹಾತ್? ಭಟ್ಟರು ಬಂದಾರ. ಆಯಿ ಮಣಿ ಮ್ಯಾಲೆ ಕೂತಾಳ. ಏನೂ ಬೋಲತ್ ನಾಹೀ."

ಎಲ್ಲಿದ್ದೀರಿ ಎಂದು ಕೇಳುವ ಮಗನಿಗೆ, ಏನೂ ಮಾತಾಡದೆ ಕೂತ ಹೆಂಡತಿಗೆ ಏನು ಹೇಳುವುದು? ರಾಯರ ಮುಖ ಬಿಳಿಚಿತು. ನೀಲಾಂಬಿಕಾ ಗಾಬರಿಯಾದಳು. ಆಗ ಎಲ್ಲವೂ ಹೊರಬಿತ್ತು.

"ಅಯ್ಯ ಕಾಕಾ! ಇವತ್ತ ಪೂಜಾ ಅದ ಅಂತ ಒಂದು ಮಾತು ಹೇಳಬಾರದೇನ್ರಿ?" ಅವಳ ಕಣ್ಣಲ್ಲಿ ನೀರು ಬಂತು. "ಬಾಜೂಕಿನವ್ರು ತುಂಬಿ ಕೊಡ್ತಿದ್ರು. ಕಾಗದ ಇರೂದು ನನ್ನ ಗಂಡಗ ಹೆದರ್ಸಾಕ. ನಿಮ್ಮ ಕೊರಳು ಹಿಸುಕಾಕಲ್ರಿ!"

ಕಾಗದದಲ್ಲಿ ಬರೆಯದ ಕಲಮೂ ಒಂದು ಇರುತ್ತದೆ, ಅದರ ಹೆಸರು ಮನುಷ್ಯತ್ವ ಎಂಬುದು ರಾಯರಿಗೆ ಅಂದು ತಿಳಿಯಿತು. ತಿಳಿದು ಉಪಯೋಗವೇನು? ಬಸ್ಸು ವೈಜಾಪುರದಲ್ಲಿ ಊಟಕ್ಕೆ ನಿಂತಿತು, ಯೇವಲಾದ ಸಂತೆಯಲ್ಲಿ ಸಿಕ್ಕಿಕೊಂಡಿತು. ದಾರಿಯುದ್ದಕ್ಕೂ ರಾಯರ ಕಣ್ಣ ಮುಂದೆ ಭಾನುಮತಿ ಒಬ್ಬಳೇ ಕೂತ ಮಣೆ. ಒದ್ದೆ ಅಂಗಿ ಮೈಮೇಲೆ ಒಣಗಿತು, ಹೊಟ್ಟೆಯೊಳಗಿನ ನಾಚಿಕೆ ಒಣಗಲಿಲ್ಲ.

ಮನೆ ಮುಟ್ಟಿದಾಗ ಸಂಜೆ ನಾಲ್ಕೂವರೆ. ಬಾಳೆಕಂಬದ ಮಂಟಪ ಹಾಗೇ ಇತ್ತು. ಅದರ ಮುಂದೆ ಎರಡು ಮಣೆ. ಒಂದು ಖಾಲಿ. ಇನ್ನೊಂದರ ಮೇಲೆ ರಾಯರ ಜರಿ ಶಲ್ಯ ಹೊದಿಸಿಕೊಂಡು, ಹೂವೇರಿಸಿಕೊಂಡು, ಮಂತ್ರಾಕ್ಷತೆಯಲ್ಲಿ ಮಿಂದು, ಒಂದು ಕಾಗದ ಕೂತಿತ್ತು! ಕೆಳತುದಿಯ ಸಹಿಗೆ ಅರಿಶಿನ, ಕುಂಕುಮ. ಪಕ್ಕದಲ್ಲಿ ನೇರಳೆ ಶಿಕ್ಕಾ. ರಾಯರು ಬಗ್ಗಿ ನೋಡಿದರು. ನೀರಿನ ಕರಾರಿನ ಝೆರಾಕ್ಸು. ಜಾಮೀನುದಾರರ ಪುಟ!

ತಾಂಬೂಲ ಕಟ್ಟಿಕೊಳ್ಳುತ್ತಿದ್ದ ಭಟ್ಟರು ನಕ್ಕರು. "ಯಜಮಾನ್ರು ಇಲ್ಲಂದ್ರ ಅವರ ಜಾಗಾದಾಗ ಅಡಕಿ ಇಟ್ಟು ಸಂಕಲ್ಪ ಮಾಡಸೂದು ಪದ್ಧತಿ. ನಿಮ್ಮ ಮನಿಯವ್ರು ಅಡಕಿ ಬ್ಯಾಡ, ಇವರದು ಸಹೀನ ಅದ ಅಂದ್ರು. ಶಾಸ್ತ್ರದಾಗ ಅಡ್ಡಿ ಏನೂ ಕಾಣಲಿಲ್ಲ."

"ನನ್ನ ಮಗಾ ಸೊಸಿ ಅದಕ್ಕ ಜೋಡೀಲೆ ನಮಸ್ಕಾರನೂ ಮಾಡಿದ್ರು," ಎಂದರು ಸುಶೀಲಾಬಾಯಿ, ತಮ್ಮನನ್ನು ಕಣ್ಣಲ್ಲೇ ಸುಡುತ್ತ.

ಭಾನುಮತಿ ಒಳಗಿನಿಂದ ಬಂದರು. ಲಗ್ನದ ಹಸಿರು ರೇಷ್ಮೆ ಸೀರೆ. ಟ್ರಂಕಿನ ಮಡಿಕೆಗಳು ಇನ್ನೂ ಬಿಟ್ಟಿರಲಿಲ್ಲ. ಅತ್ತಿದ್ದರೋ ಏನೋ, ಕಣ್ಣು ಕೆಂಪಗಿದ್ದವು.

"ಭಾನೂ, ತಪ್ಪಾತು."

"ತಪ್ಪೇನ್ರಿ? ನೀವೇ ಹೇಳಿದ್ರಿ, ಮನುಷ್ಯಾನ್ನ ನಂಬಬ್ಯಾಡ್ರಿ, ಸಹಿ ನಂಬ್ರಿ ಅಂತ. ನಂಬಿದೆ. ಸುರುದಿಂದ ಮಂಗಳಾರತಿ ತನಕ ಕೂತಿತ್ತು. ನಡೂವ ಎದ್ದು ಹೋಗಲಿಲ್ಲ, ಫೋನ್ ಬಂತು ಅನಲಿಲ್ಲ, ಕಥೀ ಲಗೂ ಮುಗಸ್ರಿ ಅಂತ ಭಟ್ಟರಿಗೆ ಸನ್ನಿ ಮಾಡಲಿಲ್ಲ. ಭಾಳ ಛಲೋ ಗಂಡ!"

ರಾಯರು ಕಪಾಟಿನ ಕಡೆ ನಡೆದರು. ಎರಡನೆಯ ಹಲಗೆಯ ಫೈಲುಗಳನ್ನು ಒಂದೊಂದಾಗಿ ಇಳಿಸಿ ನೆಲದ ಮೇಲಿಟ್ಟರು. ಆಮೇಲೆ ಮೇಲಿನ ಹಲಗೆಯವನ್ನೂ ಇಳಿಸಿದರು. ಥಂಡರ್ ಬಂಡೋಪಂತ ಮಂಚದ ಕೆಳಗೆ ಹೋದ. ತಬಲಾ ಮುಟ್ಟದವನೂ ಹೋದ. ಟ್ರಂಕಿನಿಂದ ಸೀರೆಗಳನ್ನು ತಂದು ರಾಯರು ತಾವೇ ಕೈಯಾರೆ ಕಪಾಟಿನಲ್ಲಿ ಒಟ್ಟಿದರು. ಸೀರೆ ಮಡಚಲು ಬಾರದೆ ಎಲ್ಲವೂ ಮುದ್ದೆಯಾದವು. ಭಾನುಮತಿ ನೋಡುತ್ತ ನಿಂತಿದ್ದರು, ಬೈಯಲಿಲ್ಲ.

ಧೈರ್ಯ ಬಂದು ರಾಯರು ಮಣೆಯ ಮೇಲಿನ ಕಾಗದವನ್ನು ಎತ್ತಲು ಹೋದರು.

"ಅದಕ್ಕ ಕೈ ಹಚ್ಚಬ್ಯಾಡ್ರಿ! ಅದು ನನ್ನ ಕಲೆಕ್ಷನ್."

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ರಾಯರಿಗಿಂತ ಮೊದಲು ಭಾನುಮತಿ ಎತ್ತಿದರು. ನೀಲಾಂಬಿಕಾ. ಮೊದಲು ಕ್ಷಮೆ ಕೇಳಿದಳು, ಪೂಜೆ ಹೇಗಾಯಿತೆಂದು ವಿಚಾರಿಸಿದಳು. ಕೊನೆಗೆ ಹೆದರುತ್ತ ಹೆದರುತ್ತ, ಬುಧವಾರ ಮತ್ತೆ ನೀರು ಬರುತ್ತದೆ, ಆದರೆ ಕಾಕಾ ಬರುವುದು ಬೇಡ, ಬಾಜೂಕಿನವರಿಗೆ ಹೇಳುತ್ತೇನೆ ಎಂದಳು.

ರಾಯರು ಹೆಂಡತಿಯ ಮುಖ ನೋಡಿದರು.

"ಬಾಜೂಕಿನವ್ರಿಗೆ ಯಾಕ ತ್ರಾಸ ಕೊಡ್ತೀ ನಮ್ಮವ್ವಾ?" ಎಂದರು ಭಾನುಮತಿ. "ಒರಿಜಿನಲ್ ಕಳಸ್ತೀನಿ, ನೀರು ತುಂಬಸ್ಕೋ, ಬೇಕಾದಷ್ಟು ದಿನ ಇಟ್ಕೋ. ನನಗ ಟ್ರೂ ಕಾಪಿ ಸಾಕು."